ಮೂಲೆಮಟ್ಟನ ಪಾಲು

ಅವನಿಗೆ ಮೂಲೆಮಟ್ಟ ಎಂದು ಹೆಸರಿಟ್ಟದ್ದು ಬೀದಿಯ ಜನ. ಮೂಲೆ ನೇರವಾಗಿದೆಯೇ ಎಂದು ನೋಡಲು ಬಡಗಿಗಳು ಇಟ್ಟುಕೊಳ್ಳುವ ಸಾಧನ ಅದು. ಈ ಮನುಷ್ಯನೂ ಹಾಗೇ. ಎಲ್ಲಿ ಹೋದರೂ ಏನು ಸೊಟ್ಟಗಿದೆ ಎಂದು ಹುಡುಕುವುದೇ ಕೆಲಸ. ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಅವನದು. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದವನು, ಎಲ್ಲರೂ ಅಳುತ್ತಿರುವಾಗಲೇ ಎದ್ದು ಹೋಗಿ, ಗೋಡೆಯ ಮೇಲೆ ವಾಲಿದ್ದ ಸತ್ತವರ ಫೋಟೊ ಸರಿಮಾಡಿ, ಹಿಂದೆ ಸರಿದು ನೋಡಿ, ತೃಪ್ತಿಯಾದ ಮೇಲೆ ಬಂದು ಕೂತಿದ್ದ. ಕೆಟ್ಟವನೇನಲ್ಲ. ಆದರೆ ಅವನ ಪಕ್ಕ ಸ್ವಲ್ಪ ಹೊತ್ತು ಕೂತರೆ ನಮ್ಮ ಬೆನ್ನೇ ಸೊಟ್ಟಗಿದೆಯೇನೋ ಎಂಬ ಅನುಮಾನ ಬರುತ್ತಿತ್ತು.

ಅಂಥವನಿಗೆ ಗಂಟುಬಿದ್ದ ಅತ್ತಿಗೆ ಹಜಾರದ ನೆಲದ ತುಂಬ ಕ್ಯಾನ್ವಾಸ್ ಬಟ್ಟೆ ಹಾಸಿ, ಕಸಬರಿಗೆಯ ಕೋಲಿಗೆ ಸುಣ್ಣದ ಬ್ರಷ್ ಕಟ್ಟಿ, ಎಣ್ಣೆಬಣ್ಣದಲ್ಲಿ ಅದ್ದಿ ಭುಜದಿಂದ ಬೀಸುವವಳು. ಅವಳ ಚಿತ್ರದಲ್ಲಿ ಮರವಿಲ್ಲ, ಮನೆಯಿಲ್ಲ, ಮುಖವಿಲ್ಲ. ತೋಳು ಹೋದ ದಾರಿಯೇ ಚಿತ್ರ. ಬಣ್ಣ ತೊಟ್ಟಿಕ್ಕಿದರೆ ಅದೂ ಚಿತ್ರ. ಒಮ್ಮೆ ಬಿದ್ದ ಬಣ್ಣವನ್ನು ಅವಳು ತಿದ್ದುತ್ತಿರಲಿಲ್ಲ. ಆ ದಿನ ಮೈ ಏನು ಮಾಡಿತೋ ಅದೇ ಬಟ್ಟೆಯ ಮೇಲೆ ಉಳಿಯಬೇಕು, ತಿದ್ದಿದರೆ ಸುಳ್ಳಾಗುತ್ತದೆ ಎನ್ನುತ್ತಿದ್ದಳು. ತಿದ್ದುವುದೇ ಬದುಕಾಗಿದ್ದ ಮೈದುನನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. ಆದರೂ ಅವಳ ಬಟ್ಟೆಗಳನ್ನು ಚೌಕಟ್ಟಿಗೆ ಬಿಗಿಯುತ್ತಿದ್ದವನು ಅವನೇ. ಅಣ್ಣ ಕೇಳಿಕೊಂಡಿದ್ದ.

ಉರಿಯ ಬೇರು ಚಿತ್ರದಲ್ಲಿರಲಿಲ್ಲ, ತಾಯಿಯಲ್ಲಿತ್ತು. ಮೂಲೆಮಟ್ಟನ ಅಂಗಡಿಯ ಹಿಂದೆ ಒಂದು ಮಂಚಕ್ಕಷ್ಟೇ ಜಾಗ. ಹಾಗಾಗಿ ತಾಯಿ ಹಿರಿಯ ಮಗನ ಮನೆಯಲ್ಲಿದ್ದಳು. ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಜಾರವೆಲ್ಲ ಬಣ್ಣ, ಟರ್ಪಂಟೈನ್ ವಾಸನೆ, ತನ್ನ ಕೋಣೆಯಿಂದ ಅಡುಗೆಮನೆಗೆ ಹೋಗಲು ಗೋಡೆಗೆ ಅಂಟಿಕೊಂಡು ನಡೆಯಬೇಕು ಎಂದು ತಾಯಿ ಅಂಗಡಿಗೆ ಬಂದು ದೂರುತ್ತಿದ್ದಳು. ಕಿರಿಯ ಮಗ ಆ ದೂರುಗಳನ್ನು ಮೊಳೆಯ ಹಾಗೆ ಆರಿಸಿ ಇಟ್ಟುಕೊಳ್ಳುತ್ತಿದ್ದ. ಬಸ್ ಡಿಪೋದಲ್ಲಿ ದುಡಿದು ಬರುವ ಅಣ್ಣ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಅವನು ಬಾಯಿಗೆ ಬೀಗ ಹಾಕಿಕೊಂಡೇ ಸಂಸಾರ ಮಾಡಿದ.

ಒಂದು ಮಧ್ಯಾಹ್ನ ತಾಯಿ ಗೋಡೆಯ ಪಕ್ಕ ಹೋಗಲಿಲ್ಲ. ಸೀರೆ ಎತ್ತಿ ಹಿಡಿದು, ಬಟ್ಟೆಯ ಕೆಳಅಂಚಿನಲ್ಲಿ ದಪ್ಪಗೆ ಸುರಿದಿದ್ದ ಹಳದಿ ಬಣ್ಣದಲ್ಲಿ ಎರಡೂ ಕಾಲೂರಿ ನಿಂತು, ಸೊಸೆಯ ಮುಖವನ್ನೇ ನೋಡಿದಳು. ಬೇಕೆಂದೇ ಮಾಡಿದ್ದು, ಅದರಲ್ಲಿ ಸಂಶಯವಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಕಾಲು ತಿಕ್ಕಿಕೊಂಡಳು. ಸೊಸೆ ಎಂದಿನಂತೆ ಜಗಳಕ್ಕೆ ನಿಲ್ಲಲಿಲ್ಲ. ಹಲ್ಲು ಕಚ್ಚಿ ಕೋಲೆತ್ತಿ, ಮೇಲಿನಿಂದ ಕೆಳಕ್ಕೆ ಒಂದೇ ಒಂದು ಕಪ್ಪು ಬೀಸು ಬೀಸಿದಳು. ಅದು ಅತ್ತೆಯ ಪಾದದ ಗುರುತುಗಳ ಬೆರಳಿನ ತುದಿಗೆ ಬಂದು ನಿಂತಿತು. ಕೋಲು ಕೆಳಗಿಟ್ಟಳು. ಚಿತ್ರ ಮುಗಿದಿತ್ತು.

ಅಣ್ಣನಿಂದ ಇದನ್ನು ಕೇಳಿ ಮೂಲೆಮಟ್ಟ ಹೊಟ್ಟೆ ಹಿಡಿದು ನಕ್ಕ. ಅಮ್ಮ ಸರಿಯಾಗಿ ಬುದ್ಧಿ ಕಲಿಸಿದಳು ಎಂದ. ಆ ನಗು ಪೂರ್ತಿ ಇಳಿಯುವ ಮೊದಲೇ ತಾಯಿ ಮಲಗಿದ್ದಲ್ಲೇ ತೀರಿಕೊಂಡಳು.

ಚಿತ್ರಪ್ರದರ್ಶನ ಹತ್ತಿರ ಬಂದಾಗ ಆ ಬಟ್ಟೆ ಸುರುಳಿಯಾಗಿ ಅಂಗಡಿಗೆ ಬಂತು. ಬಿಚ್ಚಿ ಹಾಸಿದ. ಕೆಳಗೆ ಅಮ್ಮನ ಕಾಲು. ಬಲಗಾಲು ನೋವಿನದು, ಹಗುರಾಗಿ ಊರಿತ್ತು. ಭಾರವೆಲ್ಲ ಹೊತ್ತ ಎಡಗಾಲಿನ ಸುತ್ತ ಬಣ್ಣ ದಿಂಡಾಗಿ ಉಬ್ಬಿತ್ತು. ಒಳಕ್ಕೆ ಮಡಚಿಕೊಂಡಿದ್ದ ಆ ಕಾಲಿನ ಸೊಟ್ಟ ಕಿರುಬೆರಳು ಕೂಡ ಹಾಗೇ ಮೂಡಿತ್ತು. ತಾಯಿ ಸತ್ತ ದಿನ ಅಳದಿದ್ದವನು ಬಾಗಿಲು ಮುಚ್ಚಿ ನೆಲದ ಮೇಲೆ ಕೂತ.

ಅಳು ಸಿಟ್ಟಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬದುಕಿದ್ದಾಗ ನಡೆಯಲು ಬಿಡದವಳು ಈಗ ಆ ಕಾಲನ್ನೇ ಗೋಡೆಗೆ ನೇತುಹಾಕುತ್ತಾಳೆ, ಕಂಡಕಂಡವರು ಕಾಫಿ ಕುಡಿಯುತ್ತ ನೋಡುತ್ತಾರೆ! ಪಾದಗಳ ಕೆಳಗೆ ಅತ್ತಿಗೆ ಇದ್ದಿಲಿನಲ್ಲಿ ಅಂಚಿನ ಗೆರೆ ಎಳೆದಿದ್ದಳು. ಅವನು ಮರದ ಪಟ್ಟಿಗಳನ್ನು ಆ ಗೆರೆಗಿಂತ ಗಿಡ್ಡವಾಗಿ ಕೊಯ್ದ. ಇಕ್ಕಳದಿಂದ ಬಟ್ಟೆ ಎಳೆದು ಮೊಳೆ ಹೊಡೆದಾಗ ಪಾದಗಳು ಚೌಕಟ್ಟಿನ ಹಿಂಬದಿಗೆ ಹೋದವು. ಅವು ಯಾರಿಗೂ ಕಾಣಬಾರದೆಂದು ಹಿಂದೆ ತೆಳು ಹಲಗೆ ಒತ್ತಿ ಬಿಗಿದ. ಬಟ್ಟೆ ಮಡಿಸುವ ಮೊದಲು ಬಣ್ಣಕ್ಕೆ ಉಗುರು ಒತ್ತಿ ಒಣಗಿದೆಯೇ ಎಂದು ನೋಡುವುದು ಈ ಕಸುಬಿನ ಮೊದಲ ಪಾಠ. ಅಷ್ಟು ದಪ್ಪದ ಎಣ್ಣೆಬಣ್ಣ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಇರುತ್ತದೆ. ಅವತ್ತು ಅವನು ಉಗುರು ಒತ್ತಲಿಲ್ಲ.

ಪ್ರದರ್ಶನದ ಸಭಾಂಗಣದಲ್ಲಿ ಚಿತ್ರ ಗೋಡೆಗೆ ಒರಗಿತ್ತು. ಕಪ್ಪು ಬೀಸು ಕೆಳಗಿಳಿದು ಬಂದು ಅಂಚಿನಲ್ಲಿ ಸುಮ್ಮನೆ ಕಡಿದುಹೋಗಿತ್ತು. ಅತ್ತಿಗೆ ಅದರ ಮುಂದೆ ನಿಂತಳು. ಅಣ್ಣ ಹಿಂದೆ ಏಣಿ ಹಿಡಿದು ನಿಂತಿದ್ದ.

"ಕಾಲು ಎಲ್ಲಿ?" ಎಂದಳು.

"ಮರ ಅಷ್ಟೇ ಉದ್ದ ಇತ್ತು, ಅತ್ತಿಗೆ."

"ಕತ್ತರಿಸಿ ಬಿಸಾಕಿದ್ಯಾ?"

"ಹಾಗೇ ಅಂದ್ಕೊಳ್ಳಿ. ಅಮ್ಮ ಇದ್ದಾಗ ಅವಳಿಗೆ ಕಾಲಿಡೋಕೆ ಜಾಗ ಕೊಡ್ಲಿಲ್ಲ ನೀವು. ಈಗ ಅದೇ ಕಾಲನ್ನ ಊರಿಗೆಲ್ಲ ತೋರಿಸ್ತೀರಾ?"

ಅತ್ತಿಗೆ ದನಿ ಏರಿಸಲಿಲ್ಲ. "ಇಷ್ಟು ವರ್ಷದಲ್ಲಿ ಅತ್ತೆ ನನ್ನ ಜೊತೆ ಸೇರಿ ಮಾಡಿದ್ದು ಅದೊಂದೇ ಕೆಲಸ. ಸಿಟ್ಟಿಗೇ ಮಾಡಿದ್ರು, ನಂಗೊತ್ತು. ನಾನೂ ಸಿಟ್ಟಲ್ಲೇ ಮುಗಿಸ್ದೆ. ಅದು ನಮ್ಮಿಬ್ಬರದು ಕಣೋ. ನಿಂದಲ್ಲ."

ಆ ಮಾತು ಅವನಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಅಮ್ಮನಲ್ಲಿ ಇವಳಿಗೂ ಪಾಲೇ? ಇನ್ನೂ ಏನೇನೋ ಆಡುತ್ತಿದ್ದ, ಅಷ್ಟರಲ್ಲಿ ಅಣ್ಣ ಏಣಿ ಕೆಳಗಿಟ್ಟು ಚಿತ್ರದ ಹಿಂಬದಿ ಇಣುಕಿದ. "ಹಲಗೆ ಬಿಚ್ಚೋ," ಎಂದ. ಬದುಕಿನಲ್ಲಿ ಮೊದಲ ಸಲ ಅವನು ತಮ್ಮನಿಗೆ ಗದರಿದ್ದು.

ಮೂಲೆಮಟ್ಟ ಮೊಳೆಗಳನ್ನು ಕಿತ್ತ. ಹಲಗೆ ಸುಲಭಕ್ಕೆ ಬರಲಿಲ್ಲ. ಹಸಿ ಬಣ್ಣ ಅಂಟಿಕೊಂಡಿದೆ ಎಂದು ಅವನಿಗೆ ಆಗಲೇ ಅರ್ಥವಾಯಿತು, ಆದರೂ ಎಳೆದ. ಚರ್ಮ ಸುಲಿದಂಥ ಸದ್ದು ಬಂತು. ಬಲಗಾಲು ಬಟ್ಟೆಯಲ್ಲೇ ಉಳಿದಿತ್ತು. ಎಡಗಾಲು ಹಿಮ್ಮಡಿಯಿಂದ ಕಿರುಬೆರಳಿನವರೆಗೆ ಹಲಗೆಗೆ ಅಂಟಿ ಬಂದಿತ್ತು. ಅದು ಇದ್ದಲ್ಲಿ ಈಗ ಬರಿಯ ಬಟ್ಟೆ.

ಅತ್ತಿಗೆ ಹಲಗೆಗೆ ಕೈ ಹಾಕಿದಳು. ಅವನು ಬಿಡಲಿಲ್ಲ. ತಲೆ ನರೆತ ಇಬ್ಬರೂ ಮಕ್ಕಳಂತೆ ಎಳೆದಾಡಿದರು. ಕೊನೆಗೆ ಅವಳೇ ಕೈಬಿಟ್ಟಳು. "ತಗೊಂಡು ಹೋಗು. ಇನ್ನು ನಮ್ಮ ಮನೆ ಹೊಸಿಲು ತುಳೀಬೇಡ," ಎಂದಳು. ಅಣ್ಣ ಬಾಗಿಲ ಕಡೆ ನೋಡಿದ, ತಮ್ಮನ ಕಡೆ ನೋಡಲಿಲ್ಲ.

ಬೇರೆಯವರ ಕೈಯಲ್ಲಿ ಚೌಕಟ್ಟು ಹಾಕಿಸಿ, ಒಂಟಿ ಕಾಲು ಮತ್ತು ಆ ಬೋಳು ಜಾಗದ ಸಮೇತ ಅವಳು ಚಿತ್ರವನ್ನು ತೂಗುಹಾಕಿದಳಂತೆ. ಬೋಳು ಜಾಗಕ್ಕೆ ಬಣ್ಣ ಮುಟ್ಟಿಸಲಿಲ್ಲವಂತೆ. ಅವಳೆಲ್ಲಿ ತಿದ್ದುತ್ತಾಳೆ! ಮೂಲೆಮಟ್ಟ ನೋಡಲು ಹೋಗಲಿಲ್ಲ.

ಅವನು ತನ್ನ ಪಾಲನ್ನು ಅಂಗಡಿಯ ಮೇಜಿನ ಮೇಲಿಟ್ಟು ದೀಪ ಹತ್ತಿರ ಎಳೆದ. ಕಿರುಬೆರಳು ಮಡಚಿಕೊಂಡೇ ಇತ್ತು. ಆದರೆ ಅಚ್ಚು ತಿರುವುಮುರುವಾಗಿತ್ತು. ಹೆಬ್ಬೆರಳಿರಬೇಕಾದ ಕಡೆ ಕಿರುಬೆರಳು. ಎಡಗಾಲು ಬಲಗಾಲಾಗಿ ಬಂದಿತ್ತು. ಹಲಗೆಯನ್ನು ತಲೆಕೆಳಗು ಮಾಡಿದ, ಅಡ್ಡ ಮಾಡಿದ, ಮತ್ತೆ ನೇರ ಮಾಡಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬಟ್ಟೆಯ ಮೇಲೆ ಉಳಿದದ್ದು ಬಲಗಾಲು, ಇಲ್ಲಿರುವುದೂ ಬಲಗಾಲು. ಅಮ್ಮ ಭಾರವೆಲ್ಲ ಊರಿ ನಿಂತಿದ್ದ ಆ ಎಡಗಾಲು ಈಗ ಯಾರ ಪಾಲಿಗೂ ಇರಲಿಲ್ಲ.