ತೋಳನ ಕಥೆ ಓದಿ ಹೇಳಿದ ತಪ್ಪಿಗೆ

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನಲವತ್ತೈದು ದಾಟಿದ ನಾನು ಮೊಬೈಲಿನಲ್ಲಿ ತೋಳಮನುಷ್ಯರ ಪ್ರೇಮಕಥೆ ಓದುವವಳು. ಎಲ್ಲ ಕಥೆಯೂ ಹೆಚ್ಚುಕಡಿಮೆ ಒಂದೇ. ಹುಣ್ಣಿಮೆಗೆ ತೋಳವಾಗುವ ಶ್ರೀಮಂತನೊಬ್ಬ, ಅವನಿಗೊಂದು ಶಾಪ. ಯಾವಳೋ ಬಡ ಹುಡುಗಿಯ ವಾಸನೆ ಹಿಡಿದು ಬಂದವನು, ನೀನು ನನಗೆಂದೇ ಹುಟ್ಟಿದವಳು ಎಂದು ಎತ್ತಿಕೊಂಡು ಹೋಗುತ್ತಾನೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ಎಂಬತ್ತನೇ ಕಂತಿನ ಹೊತ್ತಿಗೆ ಅವನ ತಲೆ ನೇವರಿಸುತ್ತ ಕೂತಿರುತ್ತಾಳೆ. ಶಾಪ ಬಿಡುತ್ತದೆ. ನನಗೂ ಕಣ್ಣೀರು ಬರುತ್ತದೆ, ಸುಳ್ಳೇಕೆ?

ನಮ್ಮ ಕಡೆ ತೋಳವನ್ನು ಈ ವೇಷದಲ್ಲಿ ಕಂಡವರಿಲ್ಲ. ಡಿ. ಹಿರೇಹಾಳ್ ಸೀಮೆಯಲ್ಲಿ ಕುರಿ ಕಾಯುತ್ತಿದ್ದ ನಮ್ಮಜ್ಜನಿಗೆ ತೋಳವೆಂದರೆ ಬಡಕಲು ಮೈಯ, ಧೂಳುಬಣ್ಣದ ಕುರಿಗಳ್ಳ. "ಹೆಣ್ಣು ತೋಳ ಒಂದ್ಸಲ ಹಲ್ಲು ಕಿಸಿದ್ರ ಸಾಕು, ಗಂಡು ಬಾಲ ಮುದುರಿಕೊಂಡು ಹೋಗತೈತಿ" ಎನ್ನುತ್ತಿದ್ದ. ಕಥೆ ಬರೆಯುವವರ ಅಜ್ಜಂದಿರು ಕುರಿ ಕಾದಿರಲಿಕ್ಕಿಲ್ಲ.

ತೆಲುಗು ರಾಜ್ಯಕ್ಕೆ ಸೇರಿದ ಗಡಿಯೂರು ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ನನ್ನದು ಜೇಬು ಕೂಡಿಸುವ ಕೆಲಸ. ಅಲ್ಲಿಯ ಹೆಂಗಸರೆಲ್ಲ ಮನೆಯಲ್ಲಿ ಕನ್ನಡ ಮಾತಾಡುವವರೇ. ಆದರೆ ಓದಿದ್ದು ತೆಲುಗು ಶಾಲೆಯಲ್ಲಿ, ಇಲ್ಲವೇ ಯಾವ ಶಾಲೆಯಲ್ಲೂ ಅಲ್ಲ. ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಹಾಗಾಗಿ ಊಟದ ಬಿಡುವಿನಲ್ಲಿ, ಬಟ್ಟೆಯ ನೀಲಿ ಹತ್ತಿದ ಬೆರಳಿನಿಂದ ಪುಟ ಸರಿಸುತ್ತ, ನಾನು ಪುರಾಣ ಹೇಳುವ ಶಾಸ್ತ್ರಿಯಾದೆ. ಕೇಳುವವರಲ್ಲಿ ಎಲ್ಲರಿಗಿಂತ ಹಿರಿಯಳು ದಾರದ ತುದಿ ಕತ್ತರಿಸುವ ಹುಲಿಗೆಮ್ಮ. ಕಿರಿಯಳು ಅನಿತ.

ಅನಿತ ರೊಳ್ಳದ ಕಡೆಯವಳು, ಹತ್ತೊಂಬತ್ತು ವರ್ಷದವಳು. ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಸೋದರಮಾವ ನಾಗರಾಜನಿಗೆ ಎಂದು ಅಜ್ಜಿ ಗೊತ್ತುಮಾಡಿದ್ದಳಂತೆ. ಸಾಯುವಾಗ ಆ ಅಜ್ಜಿ, "ಈ ಮಾತು ತಪ್ಪಿದ್ರೆ ನಿಮ್ ಮನೇಲಿ ದೀಪ ಉರಿಯಲ್ಲ" ಎಂದು ಹೇಳಿ ಕಣ್ಣು ಮುಚ್ಚಿದಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಕುರಿ ಸತ್ತರೂ ಅದೇ ಕಾರಣ, ಅತ್ತಿಗೆಗೆ ಗರ್ಭ ನಿಲ್ಲದಿದ್ದರೂ ಅದೇ ಕಾರಣ. ಒಂದು ವರ್ಷ ದುಡಿದು ಬರುತ್ತೇನೆಂದು ಅನಿತ ಇಲ್ಲಿಗೆ ಬಂದದ್ದು ಬಟ್ಟೆ ಹೊಲಿಯಲಿಕ್ಕಲ್ಲ, ಮದುವೆ ಮುಂದೂಡಲಿಕ್ಕೆ.

ಒಂದು ಮಧ್ಯಾಹ್ನ ಕಥೆಯ ಹುಡುಗಿ ಅಳುತ್ತಿದ್ದಳು. ಅನಿತ ಬುತ್ತಿಯ ಮುಚ್ಚಳ ಹಾಕಿ ಕೇಳಿದಳು: "ಅಕ್ಕಾ, ಅವ್ಳು ಒಪ್ಕಳ್ಳಿಲ್ಲ ಅಂದ್ರೆ ಏನಾಗ್ತೈತೆ?"

"ಕಥಿ ಅಲ್ಲಿಗೇ ಮುಗೀತದ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಸಮಾಧಾನ ಮಾಡಬೇಕೆನಿಸಿತು. ಸಮಾಧಾನ ಮಾಡುವ ಚಟವೂ ಓದುವ ಚಟದಷ್ಟೇ ಕೆಟ್ಟದ್ದು. "ಹೆದರಬ್ಯಾಡ. ಮೊದಮೊದಲು ಹಂಗ. ಆಮೇಲೆ ಪ್ರೀತಿ ತಾನಾಗೇ ಬರತೈತಿ, ಶಾಪಾನೂ ಬಿಡತೈತಿ" ಎಂದೆ.

ವಾರದೊಳಗೆ ಅವಳ ಅಪ್ಪ ಬಂದ. ಸಾಕಿದ್ದ ರೇಷ್ಮೆಹುಳು ಗೂಡು ಕಟ್ಟುವ ಹೊತ್ತಿಗೆ ಸುಣ್ಣದಂತೆ ಬೆಳ್ಳಗಾಗಿ ಸತ್ತಿದ್ದವು. ಅವನು ಗದರಲಿಲ್ಲ, ಹೊಡೆಯಲಿಲ್ಲ, ಬಾಗಿಲ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಎತ್ತಿಕೊಂಡು ಹೋಗಲು ಬರುವವರೆಲ್ಲ ತೋಳದಂತೆ ಗುರುಗುಟ್ಟುವುದಿಲ್ಲ. ಅನಿತ ಮಶೀನಿನ ಸ್ವಿಚ್ಚು ಆರಿಸಿ ನನ್ನ ಹತ್ತಿರ ಬಂದಳು. "ನೀವು ಹೇಳಿದ್ರಲ್ಲಕ್ಕ, ಆಮೇಲೆ ಸರಿಯೋಗ್ತೈತೆ ಅಂತ" ಎಂದಳು. ತಡೆಯಬೇಕೆನಿಸಿತು. ಆದರೂ ಅವಳ ಬುತ್ತಿಯ ಡಬ್ಬಿ ಎತ್ತಿ ಕೈಗೆ ಕೊಟ್ಟೆ.

ಮುಂದಿನ ವರ್ಷ ಅಮರಾಪುರದಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಅಲ್ಲಿಂದ ರೊಳ್ಳದ ಬಸ್ಸು ಹತ್ತಿ ಅವಳ ಗಂಡನ ಮನೆ ಹುಡುಕಿಕೊಂಡು ಹೋದೆ. ಅನಿತ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಸೊರಗಿದ್ದಳು. ಹೇಗಿದ್ದೀ ಎಂದರೆ, "ಅವ್ರು ಒಡೆಯಲ್ಲಕ್ಕ, ಬೈಯಲ್ಲ. ಮಾತೂ ಆಡಲ್ಲ" ಎಂದಳು. ಸೊಪ್ಪು ಹೆಚ್ಚುತ್ತಲೇ, "ತೋಳ ಆಗಿದ್ರೆ ಉಣ್ಣಿಮೆಗೊಂದಿನ ಮಾತ್ರ ಎದ್ರಿಕೆ. ಇದು ದಿನಾ ಐತೆ" ಎಂದಳು.

ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಬಿಟ್ಟವನು ನಾಗರಾಜನೇ. ಮೂವತ್ತೈದರ ಸಣಕಲು ಮನುಷ್ಯ. ನಾನು ಇಳಿದ ಮೇಲೆ ಹೇಳಿದ: "ನಾನು ಎತ್ಕಂಡು ಆಡ್ಸಿದ ಮಗು ಅದು. ಬ್ಯಾಡ ಅಂದಿದ್ದೆ. ನನ್ ಮಾತೂ ಯಾರೂ ಕೇಳ್ಳಿಲ್ಲಕ್ಕ. ಮೊನ್ನೆ ಮತ್ತೆ ಉಳ ಸತ್ವು."

ಪುರಾಣಗಳಲ್ಲಿ ಋಷಿಗಳು ಎಷ್ಟೇ ಸಿಟ್ಟಿನವರಾದರೂ ಶಾಪದ ಬೆನ್ನಿಗೇ ಉಃಶಾಪ ಕೊಡುತ್ತಾರೆ: ಇಷ್ಟು ವರ್ಷ ಕಲ್ಲಾಗಿರು, ಆಮೇಲೆ ಬಿಡುಗಡೆ ಎಂದು. ಹಾಸಿಗೆ ಹಿಡಿದ ಅಜ್ಜಿಯರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ನಾಗರಾಜನನ್ನು ಬೈದುಬರಬೇಕೆಂದು ಹೋದವಳು ನಾನು. ವಾಪಸು ಬರುವಾಗ ಬಸ್ಸಿನಲ್ಲಿ ಬೈಯಲು ಸಿಕ್ಕವಳು ನಾನೊಬ್ಬಳೇ.

ಓದುವುದನ್ನು ಬಿಟ್ಟೆನೆಂದಿದ್ದರೆ ನೀವು ಮೆಚ್ಚುತ್ತಿದ್ದಿರಿ. ಬಿಡಲಿಲ್ಲ. ಕೆಲವು ದಿನ ಕಣ್ಣುನೋವೆಂದು ನೆಪ ಹೇಳಿದೆ, ಹೆಂಗಸರು ಬಿಡಲಿಲ್ಲ. ಹೊಸ ಕಥೆ ಶುರುವಾಯಿತು: ಬೇರೆ ತೋಳ, ಅದೇ ಶಾಪ. ನೀನು ನನಗೆಂದೇ ಹುಟ್ಟಿದವಳು ಎಂಬಲ್ಲಿಗೆ ಬಂದಾಗ ಪರದೆಯ ಮೇಲೆ ಹುಡುಗಿ ಅಳುತ್ತಿದ್ದಳು. ನಾನು ಓದಿದೆ: "ಹುಡುಗಿ ಒಲ್ಲೆ ಅಂದಳು. ಬ್ಯಾಗು ಹೆಗಲಿಗೇರಿಸಿ ಹೊರಟೇ ಹೋದಳು."

ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದರು.

"ಮತ್ತ ಶಾಪ?" ಎಂದಳು ಹುಲಿಗೆಮ್ಮ.

ಮೊಬೈಲು ನೋಡುತ್ತ, "ಏನೂ ಆಗಲಿಲ್ಲ" ಎಂದು ಓದಿದೆ.

ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು. ಅಕ್ಷರ ಬಾರದಿದ್ದರೂ ಮುಖ ಓದಲು ಬಲ್ಲವಳು. "ಅದ್ರಾಗ ಹಂಗ ಬರ್ದಿಲ್ಲ, ನನಗ ಗೊತ್ತೈತಿ ತಂಗಿ" ಎಂದಳು. ಆಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ಇನ್ನೊಮ್ಮಿ ಓದು" ಎಂದಳು.