ಖಾಲಿ ಹೊಟ್ಟೆಯ ಉಮೇದುವಾರಿಕೆ

ನಮ್ಮ ಯಜಮಾನರು ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನಾನು ಕ್ಲಿನಿಕ್ಕಿನ ಕೌಂಟರಿನಲ್ಲಿ ಮಾತ್ರೆ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದೆ. ದೇಶ ಬಿಟ್ಟು ಬಂದು ನೆಲೆಸಿದ ಸೆಂಬವಾಂಗಿನಲ್ಲಿ, ಒಂದು ಬಹುಮಹಡಿ ವಸತಿ ಬ್ಲಾಕಿನ ಕೆಳಗೆ ನಮ್ಮ ಪುಟ್ಟ ಕ್ಲಿನಿಕ್ಕು. ಅವರು ಡಾಕ್ಟರು, ಉಡುಪಿ ಕಡೆಯವರು. ನಾನು ಮೈಸೂರಿನವಳು, ಕೌಂಟರು, ಫೋನು, ಜಗಳ ಈ ಮೂರೂ ನನ್ನ ಇಲಾಖೆ. ಇಬ್ಬರೂ ಇಲ್ಲಿಯ ಪ್ರಜೆಗಳಾಗಿ ಎಷ್ಟೋ ವರ್ಷವಾಗಿತ್ತು.

"ಯಾವ ಪಾರ್ಟಿಯಿಂದ?" ಎಂದೆ.

"ಯಾವುದೂ ಇಲ್ಲ. ಪಕ್ಷೇತರ."

"ರೀ, ಥರ್ಮಾಮೀಟರ್ ತಗೊಂಡು ನಿಮ್ಮ ಜ್ವರ ಮೊದಲು ನೋಡ್ಕೊಳಿ."

ಜ್ವರವೇನೂ ಇರಲಿಲ್ಲ. ಈ ಊರಿನಲ್ಲಿ ನಡೆಯುವ ದಾರಿಗೆಲ್ಲ ಸೂರಿದೆ. ನಮ್ಮ ಬಸ್ ಸ್ಟಾಪಿನಿಂದ ಬ್ಲಾಕಿನವರೆಗಿನ ಮೂವತ್ತು ಹೆಜ್ಜೆಗೆ ಮಾತ್ರ ಇಲ್ಲ. ಮಳೆ ಬಂತೆಂದರೆ ಅಲ್ಲೊಬ್ಬ ಅಜ್ಜಿ ಜಾರಿ, ಮಣಿಕಟ್ಟು ಹಿಡಿದುಕೊಂಡು ನೇರ ನಮ್ಮ ಬಾಗಿಲಿಗೆ ಬರುತ್ತಾಳೆ. "ಕೈಗೆ ಪಟ್ಟಿ ಕಟ್ಟಿ ಕಟ್ಟಿ ಸಾಕಾಯ್ತು ಮಾರಾಯ್ತಿ. ಗೆದ್ರೆ ಆ ದಾರಿಗೊಂದು ಸೂರು ಹಾಕಿಸ್ತೇನೆ. ಮತ್ತೇನೂ ಬೇಡ ನಂಗೆ" ಎಂದರು. ಮದುವೆಯಾದಾಗಿನಿಂದ ತನಗೆಂದು ಒಂದು ಒಳ್ಳೆಯ ಅಂಗಿಯನ್ನೂ ಕೇಳದ ಮನುಷ್ಯ. ನನಗೆ ಬಯ್ಯಲು ಬಾಯಿ ಬರಲಿಲ್ಲ, ಅದೂ ಒಂದು ದಾಖಲೆಯೇ.

ಇಲ್ಲಿ ಚುನಾವಣೆಗೆ ನಿಲ್ಲಬೇಕಾದರೆ ಅದೇ ವಾರ್ಡಿನ ಆರು ಮತದಾರರು ನಿಮ್ಮ ಅರ್ಜಿಗೆ ಸಹಿ ಹಾಕಬೇಕು. ಅಷ್ಟೇ ಸಾಲದು, ಅರ್ಜಿ ಕೊಡುವ ದಿನ ಆರೂ ಜನ ಖುದ್ದಾಗಿ ಹಾಜರಿರಬೇಕು. ಅರ್ಜಿ ಪಡೆಯುವುದು ಹನ್ನೊಂದರಿಂದ ಹನ್ನೆರಡರವರೆಗೆ, ಒಂದೇ ಗಂಟೆ. ನಾನೊಬ್ಬಳಾದೆ. ಉಳಿದ ಐವರೂ ನಮ್ಮ ಪೇಷಂಟುಗಳು, ಐವರಿಗೂ ಸಕ್ಕರೆ ಕಾಯಿಲೆ. ಅವರಲ್ಲಿ ಹಿರಿಯರು ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದ ಒಬ್ಬ ಚೀನೀ ಅಂಕಲ್. ಡಾಕ್ಟರು ಹೇಳಿದ್ದೇ ಅವರಿಗೆ ಕಾನೂನು.

ಆ ಬೆಳಿಗ್ಗೆ ಎಲ್ಲರೂ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಸೇರಿದರು. ಒಬ್ಬರೂ ಮಾತಾಡುತ್ತಿಲ್ಲ, ನಗುತ್ತಿಲ್ಲ. "ನೋಡು, ಎಷ್ಟು ಗಂಭೀರವಾಗಿದ್ದಾರೆ! ಪ್ರಜಾಪ್ರಭುತ್ವ ಅಂದ್ರೆ ಇದು" ಎಂದು ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು. ಮೂರು ದೋಸೆ ತಿಂದು ಬಂದಿದ್ದ ನಾನೂ ಭಕ್ತಿಯಿಂದ ತಲೆಯಾಡಿಸಿದೆ.

ಅರ್ಜಿ ಪಡೆಯುವ ಶಾಲೆಯ ಹೊರಗೆ ದೊಡ್ಡ ಪಕ್ಷದವರ ಸೀಟಿ, ಬಾವುಟ, ಗಲಾಟೆ. ಒಳಗೆ ಸಾಲು. ನಮ್ಮ ಸರದಿಗೆ ಇನ್ನು ಸ್ವಲ್ಪವೇ ಇದೆ ಎನ್ನುವಾಗ ನಮ್ಮ ಗುಂಪಿನ ಮಲಯ್ ಆಂಟಿ ತೋಳು ಮೇಲೆತ್ತಿಕೊಂಡು, "ಡಾಕ್ಟರ್, ಎಲ್ಲಿ ಸೂಜಿ? ಬೇಗ ಚುಚ್ಚಿಬಿಡಿ ಲಾ, ಹಸಿವಾಗ್ತಿದೆ" ಎಂದರು. ಇಲ್ಲಿಯವರ ಮಾತಿಗೆ 'ಲಾ' ಎಂಬ ಬಾಲ ಇದ್ದೇ ಇರುತ್ತದೆ.

"ಎಂಥ ಸೂಜಿ?"

"ಬ್ಲಡ್ ಟೆಸ್ಟ್! ಎಲೆಕ್ಷನ್ನಿಗೂ ಬೇಕಂತಲ್ಲ. ಈ ಊರಲ್ಲಿ ಎಲ್ಲದಕ್ಕೂ ಒಂದು ರೂಲ್ ಇರತ್ತೆ ಲಾ."

ಅವರು ಫೋನು ತೆಗೆದು ತೋರಿಸಿದರು. 'ಬೆಳಿಗ್ಗೆ ಒಂಬತ್ತಕ್ಕೆ ವಾಯ್ಡ್ ಡೆಕ್ಕಿಗೆ ತಪ್ಪದೆ ಬನ್ನಿ. ಗುರುತಿನ ಚೀಟಿ ತನ್ನಿ. ರಾತ್ರಿಯಿಂದ ನೀರು ಬಿಟ್ಟು ಏನನ್ನೂ ಸೇವಿಸಬೇಡಿ.' ಕಳಿಸಿದ್ದು ನಾನೇ. ರಕ್ತ ಪರೀಕ್ಷೆಗೆ ಕರೆಯಲೆಂದು ಕ್ಲಿನಿಕ್ಕಿನ ಫೋನಿನಲ್ಲಿ ಸಿದ್ಧವಾಗಿದ್ದ ಸಂದೇಶವದು. ಜಾಗವನ್ನೂ ಸಮಯವನ್ನೂ ಬದಲಿಸಿ, ಉಳಿದದ್ದನ್ನು ಓದದೆ ಐವರಿಗೂ ಒತ್ತಿಬಿಟ್ಟಿದ್ದೆ. ಅಯ್ಯೋ ನನ್ನ ಕರ್ಮವೇ!

ಅಷ್ಟರಲ್ಲಿ ವೆಲ್ಡಿಂಗ್ ಅಂಕಲ್ ಗೋಡೆಗೆ ಒರಗಿ ಮೆಲ್ಲಗೆ ಕುಸಿದರು. ಹಣೆಯೆಲ್ಲ ಬೆವರು, ಕೈ ನಡುಗುತ್ತಿದೆ. ಊಟ ಬಿಟ್ಟಿದ್ದರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ನಿಷ್ಠೆಯಿಂದ ನುಂಗಿ ಬಂದಿದ್ದರು. ಯಜಮಾನರು ಅರ್ಜಿಯನ್ನು ನೆಲಕ್ಕೆ ಹಾಕಿ ಅವರ ಪಕ್ಕ ಕುಳಿತರು. "ಶುಗರ್ ಇಳಿದಿದೆ. ಸಿಹಿ ತಾ, ಓಡು!"

ಶಾಲೆಯ ಕ್ಯಾಂಟೀನ್ ಮುಚ್ಚಿತ್ತು. ಹೊರಗೋಡಿದೆ. ಎದುರಾಳಿಗಳ ಟೇಬಲಿನ ಮೇಲೆ ಸಾಲಾಗಿ ಸಿಹಿ ಚಹಾದ ಲೋಟಗಳು. ಎದೆಯ ಮೇಲೆ ಗಂಡನ ಮುಖವಿದ್ದ ಟೀ ಶರ್ಟು ತೊಟ್ಟು ಅವರ ಮುಂದೆ ಕೈ ಚಾಚುವುದೆಂದರೆ! ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಆದರೆ ಲೋಟ ತುಂಬುತ್ತಿದ್ದ ಹೆಂಗಸು, "ಅರೆ, ಡಾಕ್ಟರ್ ಹೆಂಡತಿ!" ಎನ್ನುತ್ತ ತನ್ನ ಮಣಿಕಟ್ಟು ತೋರಿಸಿದಳು. ಹೋದ ಮಳೆಯಲ್ಲಿ ನಮ್ಮವರೇ ಪಟ್ಟಿ ಕಟ್ಟಿದ ಕೈ. ಇಡೀ ತಟ್ಟೆಯನ್ನೇ ಎತ್ತಿ ಕೊಟ್ಟಳು.

ಅಂಕಲ್ ಎರಡು ಲೋಟ ಕುಡಿದರು, ಉಳಿದ ನಾಲ್ವರು ಮಿಕ್ಕದ್ದನ್ನು ಖಾಲಿ ಮಾಡಿದರು. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಅಧಿಕಾರಿಯ ಮೇಜು ಹತ್ತು ಹೆಜ್ಜೆ ದೂರದಲ್ಲಿತ್ತು.

"ಏಳ್ತೀನಿ ಡಾಕ್ಟರ್, ಓಕೆ ಲಾ" ಎಂದರು ಅಂಕಲ್, ಮತ್ತೆ ಒಂದು ಕಡೆಗೆ ವಾಲಿದರು.

"ಕಾಲು ಗಂಟೆ ಅಲುಗಾಡಬಾರದು" ಎಂದರು ನಮ್ಮವರು.

"ರೀ, ಹತ್ತೇ ಹೆಜ್ಜೆ! ಎರಡೂ ಕಡೆ ಹಿಡ್ಕೊಳೋಣ. ನಿಮ್ಮ ಸೂರು ರೀ!"

"ಅವರು ಬಿದ್ರೆ? ಜನ ಬೀಳ್ಬಾರ್ದು ಅಂತಲೇ ಅಲ್ವಾ ನಾನು ನಿಲ್ತಾ ಇರೋದು?"

ನೆಲದ ಮೇಲಿದ್ದ ಅರ್ಜಿಯನ್ನು ನಾನು ಎತ್ತಿ ಮಡಚಿದೆ. ಅವರು ಅಂಕಲ್‌ನ ನಾಡಿ ಹಿಡಿದು, ಗಡಿಯಾರ ನೋಡುತ್ತ ಕೂತರು. ನಾಡಿ ಎಣಿಸಲು ನೋಡಿದರೋ ಸಮಯ ನೋಡಿದರೋ, ನಾನು ಕೇಳಲಿಲ್ಲ. ಹನ್ನೆರಡು ಹೊಡೆಯಿತು, ಬಾಗಿಲು ಮುಚ್ಚಿತು. ಬೇರೆ ಯಾರೂ ನಿಂತಿರಲಿಲ್ಲವಾದ್ದರಿಂದ ಎದುರಾಳಿ ಅಲ್ಲೇ ಅವಿರೋಧವಾಗಿ ಗೆದ್ದ. ಹೊರಗೆ ಸೀಟಿಯೋ ಸೀಟಿ.

ಬಸ್ಸಿನಲ್ಲಿ ಬಿಕ್ಕುತ್ತಾ ತಪ್ಪೊಪ್ಪಿಕೊಂಡೆ. "ಸಂದೇಶ ಕಳಿಸಿದ್ದು ನಾನು ರೀ."

"ಗೊತ್ತು. ಕ್ಲಿನಿಕ್ಕಿನಲ್ಲಿ ಇಷ್ಟು ಚಂದ ಬರೆಯೋರು ಬೇರೆ ಯಾರಿದ್ದಾರೆ?" ಎಂದರು ಪುಣ್ಯಾತ್ಮ. ನಗಬೇಕೋ ಎರಡು ಬಿಡಬೇಕೋ ತಿಳಿಯಲಿಲ್ಲ.

ಮರುವಾರ ಜೋರು ಮಳೆ. ಅಜ್ಜಿಯರು ಬರುವ ಹೊತ್ತು ಎಂದು ಪಟ್ಟಿಯ ಸುರುಳಿ ತೆಗೆದಿಟ್ಟೆ. ಒಬ್ಬರೂ ಬಿದ್ದು ಬರಲಿಲ್ಲ. ಅನುಮಾನವಾಗಿ ಹೊರಗೆ ಬಂದು ನೋಡಿದರೆ, ನಮ್ಮ ಚುನಾವಣೆಯ ಟೀ ಶರ್ಟು ತೊಟ್ಟ ವೆಲ್ಡಿಂಗ್ ಅಂಕಲ್, ಕಾಫಿ ಅಂಗಡಿಯ ಮುಂದೆ ನೆಡುವಂಥ ಭಾರೀ ಛತ್ರಿ ಹೊತ್ತು ನಿಂತಿದ್ದಾರೆ. ಬಸ್ಸಿನಿಂದಿಳಿದ ಒಬ್ಬೊಬ್ಬ ಅಜ್ಜಿಯ ತೋಳು ಹಿಡಿದು ಮೂವತ್ತು ಹೆಜ್ಜೆ ದಾಟಿಸುತ್ತಿದ್ದಾರೆ, ಮತ್ತೆ ಓಡಿ ಬಸ್ ಸ್ಟಾಪಿಗೆ ಹೋಗುತ್ತಿದ್ದಾರೆ. "ನನ್ನಿಂದ ಡಾಕ್ಟರ್ ಸೋತರು. ಸೂರು ನಾನೇ" ಎಂದರು.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

ನಮ್ಮ ವಾರ್ಡಿನ ಸೂರು ಇಂದಿಗೂ ಮಳೆ ಬಂದರೆ ಬರುತ್ತದೆ, ಮಧ್ಯಾಹ್ನ ಒಂದು ಕೋಳಿನಿದ್ದೆ ಮಾಡುತ್ತದೆ, ಸಂಜೆ ಮನೆಗೆ ಹೋಗುತ್ತದೆ. ನಾನು ಬಿಸ್ಕತ್ತಿನ ಡಬ್ಬಿ ಹಿಡಿದು ಮಳೆಯಲ್ಲೇ ಹೋಗಿ, ಅವರು ಛತ್ರಿ ಎತ್ತುವ ಮೊದಲು ಕೇಳುತ್ತೇನೆ: "ಅಂಕಲ್, ತಿಂಡಿ ಆಯ್ತಾ?"