ಅಮ್ಮ ಬೀಜಗಣಿತವನ್ನು ರಾಗವಾಗಿ ಓದುತ್ತಿದ್ದ ದಿನಗಳು

ಡೊಂಬಿವಲಿಯ ನಮ್ಮ ಕಿಟಕಿಗೆ ಖಾಡಿಯ ಹಿನ್ನೀರಿನ ಗಾಳಿ ಇನ್ನೂ ಅಡ್ಡಿಯಿಲ್ಲದೆ ಬರುತ್ತಿದ್ದ ಕಾಲ ಅದು. ರೈಲು ಹಳಿಯ ಪಕ್ಕದ, ಒಂದು ಕೋಣೆ ಒಂದು ಅಡುಗೆಮನೆಯ ಆ ಮನೆಯಲ್ಲಿ ಬೆಳಗು ನನಗೆ ಮೊದಲು ಕಿವಿಗೆ ತಾಗುತ್ತಿತ್ತು. ಅಪ್ಪ ಕಲ್ಯಾಣದ ಹೋಟೆಲ್ ಕೆಲಸಕ್ಕೆ ಮೊದಲ ಲೋಕಲ್ ಹಿಡಿದು ಹೊರಟ ಮೇಲೆ ಅಮ್ಮ ದೀಪ ಹಚ್ಚಿ, ತನ್ನ ಅಜ್ಜಿ ಬಾಯಿಪಾಠ ಮಾಡಿಸಿದ್ದ ಸ್ತೋತ್ರ ಹೇಳಲು ಕೂರುತ್ತಿದ್ದಳು. ಊದುಬತ್ತಿಯ ಹೊಗೆ, ಹುಳಿ ಬಂದ ದೋಸೆಹಿಟ್ಟಿನ ವಾಸನೆ, ಅಮ್ಮನ ದನಿ ಎಲ್ಲವೂ ಒಂದಾಗಿ ಚಾದರದೊಳಗಿನ ನನ್ನ ಅರೆನಿದ್ದೆಗೆ ಇಳಿಯುತ್ತಿದ್ದವು.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಆ ಸ್ತೋತ್ರದ ಕೊನೆಗೆ ಹೊಸ ಸಾಲುಗಳು ಸೇರಿಕೊಂಡವು. "ಎ ಕೂಡಿಸು ಬಿ, ಅದರ ವರ್ಗ, ಎ ವರ್ಗ, ಎರಡು ಎಬಿ, ಬಿ ವರ್ಗ." ಅದೇ ರಾಗ, ಅದೇ ನಿಲುಗಡೆ. ಅವೂ ಯಾವುದೋ ದೇವರ ಹೆಸರುಗಳೆಂದೇ ನಾನು ತಿಳಿದಿದ್ದೆ.

ಉಡುಪಿ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿಗೇ ಶಾಲೆ ಬಿಡಬೇಕಾಗಿ ಬಂದಿದ್ದ ಅಮ್ಮ ಆ ವರ್ಷ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಪರೀಕ್ಷೆಗೆ ಕಟ್ಟಿದ್ದಳು.

"ಈಗ ಎಂತಕ್ಕೆ ಮಾರಾಯ್ತಿ ಇದೆಲ್ಲ?" ಎಂದು ಅಪ್ಪ ಕೇಳಿದ್ದ.

"ಸ್ತೋತ್ರ ಎಂತಕ್ಕೆ ಅಂತ ಕೇಳ್ತೀರಾ? ಇದೂ ಹಾಗೇ. ನಂಗೆ ಬೇಕು."



ಮೊದಲ ಮಳೆ ಬಿದ್ದ ವಾರ ಫಲಿತಾಂಶ ಬಂತು. ಉಳಿದದ್ದೆಲ್ಲ ಪಾಸು, ಗಣಿತ ಫೇಲು. ಅಮ್ಮ ಅಳಲಿಲ್ಲ. ಪುಸ್ತಕಗಳನ್ನು ಅಟ್ಟದ ಮೇಲೆ ಹಾಕಿ, ಸೌತೆಕಾಯಿ ಹೆಚ್ಚಲು ಕೂತಳು.

"ಪರತ್ ಬಸ್ ನಾ, ಅಮ್ಮಾ. ಇನ್ನೊಂದ್ ಸಲ ಪರೀಕ್ಷೆಗೆ ಕೂತ್ಕೊ," ಎಂದೆ. ಶಾಲೆಯ ಮರಾಠಿ ನನ್ನ ಕನ್ನಡದೊಳಗೆ ಆಗಲೇ ಮನೆ ಮಾಡಿತ್ತು.

"ಸಾಕು ಮಗಾ. ತಲೆಗೆ ಹೋಗುದಿಲ್ಲ."

ಮರುದಿನದಿಂದ ಸ್ತೋತ್ರವೂ ನಿಂತಿತು. ದೀಪ ಹಚ್ಚಿ, ಕೈಮುಗಿದು ಸುಮ್ಮನೆ ಏಳುತ್ತಿದ್ದಳು. ಮಳೆಯ ಸದ್ದು, ರೈಲಿನ ಸದ್ದು, ನಡುವೆ ಏನೂ ಇಲ್ಲ. ಎಚ್ಚರವಾದರೂ ಬೆಳಗಾಗಿಲ್ಲ ಅನಿಸುತ್ತಿತ್ತು ನನಗೆ.

ಹಾಗೆ ಎಷ್ಟು ದಿನ ಕಳೆದವೋ. ಒಂದು ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಇದ್ದ ನನ್ನ ಬಾಯಿಂದ ಆ ರಾಗ ತಾನಾಗಿಯೇ ಬಂತು. "ಎ ಕೂಡಿಸು ಬಿ, ಅದರ ವರ್ಗ, ಎ ವರ್ಗ, ಬಿ ವರ್ಗ..."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ನಡುವಿನ ಎರಡು ಎಬಿ ಎಲ್ಲಿ ಹೋಯ್ತು?"

ನಾನು ಚಾದರ ಸರಿಸಿ ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ದೋಸೆಹಿಟ್ಟು ತೊಟ್ಟಿಕ್ಕುತ್ತಿತ್ತು.

"ನಿಂಗೆ ಇದು ಯಾರು ಕಲಿಸಿದ್ದು?"

"ನೀನೇ. ನಾನು ಮಲಗಿದ್ದಾಗ."

ಅಮ್ಮ ನನ್ನನ್ನೇ ನೋಡುತ್ತ ನಿಂತಳು. ಕಾವಲಿಯ ಮೇಲೆ ದೋಸೆ ಸೀದು ಹೋಯಿತು. ಅಂದು ಸಂಜೆ ಪುಸ್ತಕಗಳು ಅಟ್ಟದಿಂದ ಕೆಳಗಿಳಿದವು. ಮರುದಿನ ಬೆಳಿಗ್ಗೆ ಸ್ತೋತ್ರವೂ ಮರಳಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಗಣಿತದ ಪರೀಕ್ಷೆಗೆ ಮತ್ತೆ ಕೂತಳು. ಪಾಸಾದ ದಿನ ಅಪ್ಪ ಹೋಟೆಲಿನಿಂದ ಬಾಳೆಲೆಯಲ್ಲಿ ಬಿಸಿ ಶೀರಾ ಕಟ್ಟಿಸಿಕೊಂಡು ಬಂದ. ಮೊದಲು ದೇವರ ಮುಂದಿಟ್ಟ. ಆಮೇಲೆ ಅಮ್ಮನ ಮುಂದೆ ಹಿಡಿದು, "ತಗೊಳ್ಳಿ ಮೇಡಂ," ಎಂದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ನಗುತ್ತಿದ್ದಾಳೆಂದೇ ಬಹಳ ಹೊತ್ತು ತಿಳಿದಿದ್ದೆ.

ಈಗ ಆ ಕಟ್ಟಡವಿಲ್ಲ. ಮಹಾಪೆಯಲ್ಲಿರುವ ನನ್ನ ಆಫೀಸಿಗೆ ಹತ್ತಿರವಾಗಲೆಂದು ಕೊಂಡ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರಿಗೂ ಬೇರೆ ಬೇರೆ ಕೋಣೆ. ನಮ್ಮ ಜೊತೆಗೇ ಇರುವ ಅಮ್ಮ, ಯಾರಿಗೂ ತೊಂದರೆಯಾಗದಿರಲೆಂದು ಸ್ತೋತ್ರವನ್ನು ತುಟಿಯೊಳಗೇ ಹೇಳಿಕೊಳ್ಳುತ್ತಾಳೆ. ನನ್ನ ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡು, ಬಾಗಿಲು ಹಾಕಿಕೊಂಡು ಓದುತ್ತಾಳೆ. ಚೆನ್ನಾಗಿಯೇ ಓದುತ್ತಾಳೆ. ಏನು ಓದುತ್ತಾಳೆಂದು ತಿಳಿಯಬೇಕಾದರೆ ನಾನು ಬಾಗಿಲು ತಟ್ಟಬೇಕು.